ಗದ್ದೆ ಬದುವಿನಲ್ಲಿ ಹುಟ್ಟಿದ ಆಟ, ಗದ್ದೆಯಲ್ಲೇ ಖಾಲಿ: ಪೋಕೆಮಾನ್ ಗೋ ಕಥೆ

ಪೋಕೆಮಾನ್ ಗೋ ಅನ್ನುವ ಮೊಬೈಲ್ ಆಟವನ್ನು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ತೆರೆದು ನೋಡಿ. ಪರದೆ ಮೇಲೆ ಅಲ್ಲಲ್ಲಿ ನೀಲಿ ಗುರುತುಗಳು ಕಾಣುತ್ತವೆ. ಹಳೇ ಗುಡಿ ಇದ್ದಲ್ಲಿ ಒಂದು, ಪ್ರತಿಮೆ ಇರುವ ಸರ್ಕಲ್ಲಿನಲ್ಲಿ ಒಂದು, ಪಾರ್ಕಿನ ಗೇಟಿನ ಹತ್ತಿರ ಒಂದು. ಅದೇ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹದಿನೈದು ಕಿಲೋಮೀಟರ್ ಒಳಗಿನ ಹಳ್ಳಿಗೆ ಹೋಗಿ ಮತ್ತೆ ತೆರೆಯಿರಿ. ಬರೀ ಹಸಿರು ಬಣ್ಣ ಬಳಿದ ಬಯಲು, ನಡುವೆ ಗೀಟು ಎಳೆದಂಥ ಒಂದು ರಸ್ತೆ. ಅರಳಿಕಟ್ಟೆಗೆ ಗುರುತಿಲ್ಲ, ಮಾರಿಗುಡಿಗೆ ಗುರುತಿಲ್ಲ, ಕೆರೆ ಏರಿ ಮೇಲಿನ ಕಲ್ಲಿಗೂ ಇಲ್ಲ. ವರದಿಗೆಂದು ನಾವು ಓಡಾಡುವ ಹೆಚ್ಚಿನ ಊರುಗಳಲ್ಲಿ ಕಂಡದ್ದು ಇದೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕೂತಲ್ಲೇ ಆಡುವ ಆಟವಲ್ಲ, ನಡೆದಾಡುತ್ತಾ ಆಡುವುದು. ನೀವು ನಿಂತ ಜಾಗದ ನಕ್ಷೆಯೇ ಆಟದ ಮೈದಾನ. ನಡೆಯುತ್ತಾ ಹೋದಂತೆ ನಕ್ಷೆಯಲ್ಲಿ ವಿಚಿತ್ರ ಪ್ರಾಣಿಗಳು ಎದುರಾಗುತ್ತವೆ. ಇಲಿಯಂಥದ್ದು, ಮೀನಿನಂಥದ್ದು, ಡ್ರ್ಯಾಗನ್ನಿನಂಥದ್ದು. ಇವೇ ಪೋಕೆಮಾನ್. ಬೆರಳಿನಿಂದ ಚೆಂಡು ಎಸೆದು ಅವನ್ನು ಹಿಡಿಯಬೇಕು, ಸಾಕಿ ಬೆಳೆಸಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಟಕ್ಕೆ ಬಿಡಬೇಕು. ಚೆಂಡು ಸಿಗುವುದು ಮುಖ್ಯವಾಗಿ ಆ ನೀಲಿ ಗುರುತುಗಳಲ್ಲಿ. ಅವಕ್ಕೆ ಪೋಕೆಸ್ಟಾಪ್ ಅನ್ನುತ್ತಾರೆ. ಹತ್ತಿರ ಹೋಗಿ ಬೆರಳಿನಿಂದ ತಿರುಗಿಸಿದರೆ ಚೆಂಡು ಪುಕ್ಕಟೆ, ಐದು ನಿಮಿಷ ಬಿಟ್ಟು ತಿರುಗಿಸಿದರೆ ಮತ್ತೆ ಪುಕ್ಕಟೆ. ಪೋಕೆಸ್ಟಾಪ್ ಇಲ್ಲದ ಊರಿನಲ್ಲಿ ಚೆಂಡು ಮುಗಿದರೆ? ಆಟದ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಪೇಟೆಯವನಿಗೆ ಬಿಟ್ಟಿ ಸಿಗುವುದನ್ನು ಹಳ್ಳಿಯವನು ಕಾಸು ಕೊಟ್ಟು ತಗೋಬೇಕು. ರೇಷನ್ ಅಂಗಡಿಯಲ್ಲಿ ಹೀಗಾಗಿದ್ದರೆ ನಾವು ಸುದ್ದಿ ಮಾಡುತ್ತಿದ್ದೆವು.

ಈ ಆಟದ ಬೇರು ಇರುವುದು ಗದ್ದೆ ಬದುವಿನಲ್ಲಿ. ಅಲ್ಲಿಂದ ಹೊರಟದ್ದು ಗದ್ದೆಯ ಕಡೆಗೇ ಬೆನ್ನು ಹಾಕಿದ್ದು ಹೇಗೆ ಅನ್ನುವುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇವೆ.

ಜಪಾನಿನ ಟೋಕಿಯೊ ನಗರದ ಪಶ್ಚಿಮಕ್ಕೆ ಮಾಚಿದಾ ಅಂತ ಒಂದು ಊರಿದೆ. ಈಗ ಅದು ಮಹಾನಗರದ ಭಾಗ. 1965ರಲ್ಲಿ ಹುಟ್ಟಿದ ಸತೋಶಿ ತಾಜಿರಿ ಅಲ್ಲಿ ಬೆಳೆಯುವಾಗ ಇನ್ನೂ ಭತ್ತದ ಗದ್ದೆ, ಹೊಳೆ, ಕಾಡು ಉಳಿದಿದ್ದವು. ಹುಡುಗನಿಗೆ ಹುಳ ಹಿಡಿಯುವ ಹುಚ್ಚು. ಜೊತೆಯ ಹುಡುಗರು ಅವನನ್ನು ಹುಳದ ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಜಪಾನಿನ ಮಕ್ಕಳು ಮರದ ತೊಗಟೆಗೆ ಜೇನು ಸವರಿ ದುಂಬಿ ಬರಲಿ ಅಂತ ಕಾಯುವುದು ರೂಢಿ. ಈ ಹುಡುಗನ ಉಪಾಯವೇ ಬೇರೆ. ಹಗಲು ಹೊತ್ತು ದುಂಬಿಗಳು ಕಲ್ಲಿನ ಅಡಿ ಮಲಗುತ್ತವೆ ಅನ್ನುವುದನ್ನು ಗಮನಿಸಿ, ಮರದ ಬುಡದಲ್ಲಿ ತಾನೇ ಒಂದು ಕಲ್ಲು ಇಟ್ಟು ಬರುತ್ತಿದ್ದ. ಬೆಳಿಗ್ಗೆ ಹೋಗಿ ಕಲ್ಲು ಎತ್ತಿದರೆ ದುಂಬಿ ಸಿಗುತ್ತಿತ್ತು. ಇದನ್ನು ಮುಂದೆ ದೊಡ್ಡವನಾದ ಮೇಲೆ ಅವರೇ ಹೇಳಿಕೊಂಡಿದ್ದಾರೆ.

ಇದನ್ನು ಓದುವಾಗ ನಮಗೆ ನೆನಪಾದದ್ದು ಜೀರ್ಜಿಂಬೆ. ಮಳೆ ಬಿದ್ದ ಮೇಲೆ ಜಾಲಿ ಗಿಡದಲ್ಲಿ ಹುಡುಕಿ ಹಿಡಿದು, ಬೆಂಕಿಪೊಟ್ಟಣದಲ್ಲಿ ಎಲೆ ಹಾಕಿ ಸಾಕಿ, ಯಾರದ್ದು ಎಷ್ಟು ಮೊಟ್ಟೆ ಇಟ್ಟಿತು ಅಂತ ಸ್ಕೂಲಿನಲ್ಲಿ ಲೆಕ್ಕ ಹಾಕಿದವರಿಗೆ ಪೋಕೆಮಾನ್ ಆಟದ ಒಳಗುಟ್ಟು ವಿವರಿಸುವುದೇ ಬೇಡ. ಹಿಡಿ, ಡಬ್ಬಿಯಲ್ಲಿಡು, ಹೋಲಿಸು, ಅದಲುಬದಲು ಮಾಡು. ಆಟ ಅಂದರೆ ಇಷ್ಟೇ.

ತಾಜಿರಿ ಬೆಳೆಯುತ್ತಿದ್ದ ಹಾಗೇ ಮಾಚಿದಾ ಕೂಡ ಬೆಳೆಯಿತು. ಗದ್ದೆ ಮುಚ್ಚಿ ಮನೆಗಳು ಬಂದವು, ಕಾಡು ಕಡಿದು ರಸ್ತೆ ಬಂತು, ಹುಳುಗಳು ದೂರ ಸರಿದವು. ಅವನು ಮೀನು ಹಿಡಿಯುತ್ತಿದ್ದ ಕೊಳದ ಜಾಗದಲ್ಲಿ ವಿಡಿಯೊ ಗೇಮ್ ಅಂಗಡಿ ಎದ್ದಿತು. ಕೊಳ ಹೋಯಿತು ಅಂತ ಹುಡುಗ ಅಳುತ್ತಾ ಕೂರಲಿಲ್ಲ. ಅದೇ ಅಂಗಡಿಗೆ ನುಗ್ಗಿ ಆಟಕ್ಕೆ ಬಿದ್ದ. ಹರೆಯದಲ್ಲಿ ಆಟಗಳ ಬಗ್ಗೆ ಕೈಬರಹದ ಒಂದು ಪತ್ರಿಕೆ ಶುರು ಮಾಡಿದ, ಹೆಸರು ಗೇಮ್ ಫ್ರೀಕ್. ಹಾಳೆಗಳಿಗೆ ತಾನೇ ಪಿನ್ ಹೊಡೆದು ಮಾರುತ್ತಿದ್ದ. ಚಿತ್ರ ಬರೆಯಲು ಕೆನ್ ಸುಗಿಮೋರಿ ಜೊತೆಯಾದ. ಕೈಬರಹದ ಪತ್ರಿಕೆ 1989ರಲ್ಲಿ ಆಟ ತಯಾರಿಸುವ ಕಂಪನಿಯೇ ಆಯಿತು. ಪೋಕೆಮಾನ್‌ಗಳಿಗೆ ರೂಪ ಕೊಟ್ಟದ್ದು ಮುಂದೆ ಇದೇ ಸುಗಿಮೋರಿ. ಪತ್ರಿಕೆ ಮಾಡಲು ಹೋಗಿ ದುಡ್ಡು ಮಾಡಿದವರೂ ಇದ್ದಾರೆ ಅಂತ ನಮ್ಮ ಬಳಗದವರು ಗಮನಿಸಬೇಕು.

ಅದೇ 1989ರಲ್ಲಿ ನಿಂಟೆಂಡೊ ಕಂಪನಿ ಗೇಮ್ ಬಾಯ್ ಅನ್ನುವ ಪುಟ್ಟ ಯಂತ್ರ ತಂದಿತು. ಕೈಯಲ್ಲಿ ಹಿಡಿದು, ನಾಲ್ಕು ಸೆಲ್ ಹಾಕಿ ಆಡುವಂಥದ್ದು. ಎರಡು ಯಂತ್ರಗಳ ನಡುವೆ ಸಿಕ್ಕಿಸಲು ಒಂದು ವೈರ್ ಇತ್ತು. ಬೇರೆಯವರೆಲ್ಲ ಅದನ್ನು ಇಬ್ಬರು ಎದುರಾಬದುರಾ ಆಡಲು ಬಳಸಿದರೆ, ತಾಜಿರಿಗೆ ಆ ವೈರಿನೊಳಗೆ ಹುಳವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ತೆವಳಿಕೊಂಡು ಹೋದಂತೆ ಕಂಡಿತು. ಅದಲುಬದಲು! ಅಲ್ಲಿಂದ ಆರು ವರ್ಷದ ಪರದಾಟ. ಕಂಪನಿ ಮುಳುಗುವ ಸ್ಥಿತಿಗೆ ಬಂತು. ಕೊನೆಗೆ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಪೋಕೆಮಾನ್ ಕೆಂಪು ಮತ್ತು ಹಸಿರು ಎಂಬ ಎರಡು ಆವೃತ್ತಿಗಳು ಬಿಡುಗಡೆಯಾದವು. ಒಟ್ಟು 151 ಪ್ರಾಣಿಗಳು. ಕೆಲವು ಕೆಂಪಿನಲ್ಲಿ ಮಾತ್ರ, ಕೆಲವು ಹಸಿರಿನಲ್ಲಿ ಮಾತ್ರ. ಎಲ್ಲವೂ ಬೇಕಾದರೆ ಇನ್ನೊಬ್ಬನ ಹತ್ತಿರ ಹೋಗಿ, ವೈರ್ ಸಿಕ್ಕಿಸಿ, ಅದಲುಬದಲು ಮಾಡಿಕೊಳ್ಳಲೇಬೇಕು. ಹುಳ ಹಿಡಿಯುವ ಗದ್ದೆ ಕಳೆದುಕೊಂಡ ಪೇಟೆ ಮಕ್ಕಳಿಗೆ ಡಬ್ಬಿಯೊಳಗೆ ಗದ್ದೆ ಕಟ್ಟಿಕೊಟ್ಟ ಹಾಗೆ ಆಯಿತು.

ಮುಂದಿನದು ಬಹಳ ಜನಕ್ಕೆ ಗೊತ್ತು. 1997ರಲ್ಲಿ ಟಿವಿ ಕಾರ್ಟೂನ್ ಬಂತು. ಅದೇ ವರ್ಷ ಡಿಸೆಂಬರ್ 16ರ ಕಂತಿನಲ್ಲಿ ಕೆಂಪು ನೀಲಿ ಬೆಳಕು ಪಟಪಟನೆ ಮಿನುಗಿ, ನೋಡುತ್ತಿದ್ದ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು. ಕೆಲವು ತಿಂಗಳು ಕಾರ್ಟೂನ್ ನಿಂತು ಮತ್ತೆ ಶುರುವಾಯಿತು. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಮೂಲಕ ಹಿಂದಿಯಲ್ಲಿ ನಮ್ಮ ದೇಶಕ್ಕೆ ಬಂತು. ನಮ್ಮ ವಯಸ್ಸಿನವರಿಗೆ ಅದು ತಲುಪಿದ್ದು ಕೇಬಲ್ ಇದ್ದವರ ಮನೆಯ ಕಿಟಕಿಯಿಂದ. ಇನ್ನೊಂದು ದಾರಿ ಚಿಪ್ಸ್ ಪ್ಯಾಕೆಟ್ಟಿನೊಳಗೆ ಬರುತ್ತಿದ್ದ ಪ್ಲಾಸ್ಟಿಕ್ ಬಿಲ್ಲೆ. ಚಿಪ್ಸ್ ಯಾರಿಗೆ ಬೇಕಿತ್ತು? ಬಿಲ್ಲೆಗಾಗಿ ಗೋಲಿ ಪಣ ಇಟ್ಟದ್ದುಂಟು.

ಈಗ ಕಥೆ ಸಮುದ್ರ ದಾಟಿ ಅಮೆರಿಕಕ್ಕೆ ಹೋಗಬೇಕು. ಮೊಬೈಲ್ ಆಟದ ಪ್ರಾಣಿಗಳು ಜಪಾನಿನವು, ಆದರೆ ನೆಲ ಅಮೆರಿಕದ ಕಂಪನಿಯದ್ದು. ನೆಲ ಅಂದರೆ ನಕ್ಷೆ.

ಜಾನ್ ಹ್ಯಾಂಕಿ ಅನ್ನುವವರು ಟೆಕ್ಸಾಸ್ ರಾಜ್ಯದ ಕ್ರಾಸ್ ಪ್ಲೇನ್ಸ್ ಅನ್ನುವ ಸಣ್ಣ ಊರಿನವರು. ನಮ್ಮ ಲೆಕ್ಕದಲ್ಲಿ ಅದು ಒಂದು ಹಳ್ಳಿಯೇ, ಜನಸಂಖ್ಯೆ ಸಾವಿರದ ಆಸುಪಾಸು. ಅವರು ಸೇರಿ ಕಟ್ಟಿದ ಕೀಹೋಲ್ ಎಂಬ ಕಂಪನಿ ಉಪಗ್ರಹದ ಫೋಟೊಗಳನ್ನು ಜೋಡಿಸಿ ಇಡೀ ಭೂಮಿಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಕೆಲಸ ಮಾಡುತ್ತಿತ್ತು. 2004ರಲ್ಲಿ ಗೂಗಲ್ ಅದನ್ನು ಕೊಂಡಿತು. ಮರುವರ್ಷ ಬಂದ ಗೂಗಲ್ ಅರ್ಥ್ ಅದರದ್ದೇ ಫಲ. ನಮ್ಮ ಹೊಲವನ್ನು ಮೇಲಿನಿಂದ ಮೊದಲ ಸಲ ನೋಡಿ ಬೆರಗಾದದ್ದು ನೆನಪಿದೆ ತಾನೆ? ಅದೇ.

2010ರಲ್ಲಿ ಹ್ಯಾಂಕಿ ಗೂಗಲ್ ಒಳಗೇ ನಿಯಾಂಟಿಕ್ ಅನ್ನುವ ತಂಡ ಕಟ್ಟಿದರು. ನಿಯಾಂಟಿಕ್ ಒಂದು ಹಡಗಿನ ಹೆಸರು. 1849ರಲ್ಲಿ ಚಿನ್ನ ಹುಡುಕುವವರನ್ನು ಹೊತ್ತು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಆ ಹಡಗು ಅಲ್ಲೇ ದಡದಲ್ಲಿ ಉಳಿದು ಉಗ್ರಾಣವಾಗಿ, ಕೊನೆಗೆ ಬೆಳೆದ ನಗರದ ಅಡಿಯಲ್ಲಿ ಹೂತುಹೋಯಿತು. ಕಾಲಡಿಯ ನೆಲದಲ್ಲಿ ಇಂಥ ಕಥೆಗಳಿವೆ, ಅವನ್ನು ಮೊಬೈಲಿನಲ್ಲಿ ತೋರಿಸೋಣ ಅನ್ನುವುದು ತಂಡದ ಮೊದಲ ಆಸೆ. ಆ ಆಸೆಯಲ್ಲಿ ನಮಗೇನೂ ತಪ್ಪು ಕಾಣುವುದಿಲ್ಲ.

2012ರ ಕೊನೆಯಲ್ಲಿ ಅವರು ಇಂಗ್ರೆಸ್ ಎಂಬ ಆಟ ಬಿಟ್ಟರು. ಎರಡು ಗುಂಪುಗಳು, ಹಸಿರು ಮತ್ತು ನೀಲಿ. ಊರಿನ ಪ್ರತಿಮೆ, ಸ್ಮಾರಕ, ಗೋಡೆ ಚಿತ್ರ, ಚರ್ಚು, ಲೈಬ್ರರಿ ಇವೇ ಕೋಟೆಗಳು. ಅವುಗಳ ಹತ್ತಿರ ನಡೆದು ಹೋಗಿ ವಶಪಡಿಸಿಕೊಳ್ಳಬೇಕು. ಮೊದಲು ಇತಿಹಾಸ ಫಲಕಗಳ ಪಟ್ಟಿ, ಸ್ಥಳದ ಗುರುತಿರುವ ಫೋಟೊಗಳು, ಇವುಗಳಿಂದ ಜಾಗ ಆರಿಸಿದರು. ಸಾಲದಾಯಿತು. ಆಮೇಲೆ ಆಡುವವರನ್ನೇ ಕೇಳಿದರು: ನಿಮ್ಮೂರಿನ ವಿಶೇಷ ಜಾಗದ ಫೋಟೊ ಕಳಿಸಿ. ಸುಮಾರು ಒಂದೂವರೆ ಕೋಟಿ ಸಲಹೆಗಳು ಬಂದವು, ಸುಮಾರು 50 ಲಕ್ಷ ಒಪ್ಪಿಗೆಯಾದವು. ಕಂಪನಿಯೇ ಹೇಳಿದ ಲೆಕ್ಕ ಇದು. ಪೋಕೆಮಾನ್ ಗೋ ಬಂದಾಗ ಇದೇ ಜಾಗಗಳಲ್ಲಿ ಆರಿಸಿದವು ನೀಲಿ ಪೋಕೆಸ್ಟಾಪ್‌ಗಳೂ ಕಾದಾಟದ ಜಿಮ್‌ಗಳೂ ಆದವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2012, 2013ರಲ್ಲಿ ಇಂಗ್ರೆಸ್ ಆಡುತ್ತಿದ್ದವರು ಯಾರು? ಒಳ್ಳೆಯ ಸ್ಮಾರ್ಟ್‌ಫೋನ್ ಇದ್ದವರು, ತಿಂಗಳಿಗೆ ಸಾಕಷ್ಟು ಡೇಟಾ ಇದ್ದವರು, ಇಂಗ್ಲಿಷ್ ಬಲ್ಲವರು, ಕತ್ತಲಲ್ಲಿ ಪಾರ್ಕಿನಲ್ಲಿ ತಿರುಗಿದರೆ ಯಾರೂ ತಡೆದು ಕೇಳದವರು. ಹೆಚ್ಚಿನವರು ನಗರದ ಕಂಪ್ಯೂಟರ್ ಕೆಲಸದ ಗಂಡಸರು. ಅವರು ಕಂಡದ್ದನ್ನು ಅವರು ಕಳಿಸಿದರು. ನಮ್ಮ ರಾಜ್ಯದಲ್ಲಿ ಆಗ ಹಳ್ಳಿಗಳಲ್ಲಿ ಇದ್ದದ್ದು ಕೀಪ್ಯಾಡ್ ಮೊಬೈಲು, ಮಿಸ್ಡ್ ಕಾಲ್ ಕಾಲ. ನಮ್ಮ ಮಾರಿಗುಡಿಯ ಫೋಟೊ ಕ್ಯಾಲಿಫೋರ್ನಿಯಾಕ್ಕೆ ಕಳಿಸುವವರು ಯಾರಿದ್ದರು?

ಇದು ಬರೀ ಹಳ್ಳಿ ಪೇಟೆ ಜಗಳ ಅಂದುಕೊಳ್ಳಬೇಡಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲೇ 2016ರಲ್ಲಿ ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಲೆಕ್ಕ ಹಾಕಿ ನೋಡಿತು. ಬಿಳಿಯರು ಹೆಚ್ಚಿರುವ ಬಡಾವಣೆಗಳಲ್ಲಿ ಸರಾಸರಿ 55 ಪೋಕೆಸ್ಟಾಪ್, ಕಪ್ಪು ಜನ ಹೆಚ್ಚಿರುವ ಕಡೆ 19. ಯಾರೋ ಕೂತು ಬೇಕೆಂದೇ ಬಿಟ್ಟದ್ದಲ್ಲ. ಪಟ್ಟಿ ಬರೆದವರು ಓಡಾಡುವ ಬೀದಿಗಳು ಪಟ್ಟಿಗೆ ಬಂದವು, ಓಡಾಡದ ಬೀದಿಗಳು ಬರಲಿಲ್ಲ. ನಮ್ಮೂರ ಕಡೆ ಮನೆ ಫಲಾನುಭವಿಗಳ ಪಟ್ಟಿ ತಯಾರಾಗುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದಲ್ಲ. ಆಮೇಲೆ ಆ ಪಟ್ಟಿಯೇ ನಿಜ ಅನ್ನಿಸಿಕೊಳ್ಳುತ್ತದೆ.

ನಿಯಾಂಟಿಕ್ 2015ರಲ್ಲಿ ಗೂಗಲ್‌ನಿಂದ ಬೇರೆಯಾಯಿತು. ಅದಕ್ಕೂ ಮುಂಚೆ, 2014ರ ಏಪ್ರಿಲ್ ಫೂಲ್ ದಿನ ಗೂಗಲ್ ಮ್ಯಾಪ್ಸ್‌ನಲ್ಲಿ ತಮಾಷೆಗೆಂದು ಪೋಕೆಮಾನ್ ಹುಡುಕುವ ಆಟ ಇಟ್ಟಿದ್ದರು. ತಮಾಷೆ ಜನರಿಗೆ ಹಿಡಿಸಿತು. ಪೋಕೆಮಾನ್ ಕಂಪನಿಯ ಮುಖ್ಯಸ್ಥ ತ್ಸುನೆಕಾಜು ಇಶಿಹಾರಾ ಸ್ವತಃ ಇಂಗ್ರೆಸ್ ಆಡುತ್ತಿದ್ದವರು. ಅವರೂ ನಿಂಟೆಂಡೊ ಅಧ್ಯಕ್ಷ ಸತೋರು ಇವಾಟಾ ಅವರೂ ಕೈ ಜೋಡಿಸಿದರು. ಇವಾಟಾ 2015ರ ಜುಲೈನಲ್ಲಿ ತೀರಿಕೊಂಡರು, ಆಟ ನೋಡಲು ಉಳಿಯಲಿಲ್ಲ.

2016ರ ಜುಲೈ 6ರಂದು ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಪೋಕೆಮಾನ್ ಗೋ ಬಿಡುಗಡೆಯಾಯಿತು. ಆಗ ಅಲ್ಲಿ ಜಾತ್ರೆಯೇ ನಡೆಯಿತು. ರಾತ್ರಿ ಹನ್ನೆರಡಕ್ಕೆ ಪಾರ್ಕಿನಲ್ಲಿ ನೂರಾರು ಜನ, ಎಲ್ಲರ ಮುಖಕ್ಕೂ ಮೊಬೈಲ್ ಬೆಳಕು. ಒಂದೇ ತಿಂಗಳಲ್ಲಿ 13 ಕೋಟಿ ಡೌನ್‌ಲೋಡ್, 20 ದಿನದಲ್ಲಿ 10 ಕೋಟಿ ಡಾಲರ್ ಆದಾಯ. ಎರಡೂ ಗಿನ್ನೆಸ್ ದಾಖಲೆ. ನಿಂಟೆಂಡೊ ಷೇರು ಒಂದೇ ಸಮ ಏರಿತು. ಈ ಆಟದಿಂದ ನಮಗೆ ಬರುವ ಲಾಭ ಅಷ್ಟೇನಿಲ್ಲ ಅಂತ ಆ ಕಂಪನಿಯೇ ಹೇಳಿದ ಮೇಲೆ, ಜುಲೈ 25ರಂದು ಒಂದೇ ದಿನ ಸುಮಾರು 18 ಶೇಕಡಾ ಬಿತ್ತು. ಷೇರು ಕೊಂಡವರು ನಿಂಟೆಂಡೊ ಬೇರೆ, ನಿಯಾಂಟಿಕ್ ಬೇರೆ ಅಂತ ವಿಚಾರಿಸಿಯೇ ಇರಲಿಲ್ಲ.

ಸಾವುನೋವೂ ಆದವು. ಜಪಾನಿನ ಇಚಿನೊಮಿಯಾ ಊರಿನಲ್ಲಿ 2016ರ ಅಕ್ಟೋಬರಿನಲ್ಲಿ ಟ್ರಕ್ ಓಡಿಸುತ್ತಾ ಈ ಆಟ ಆಡುತ್ತಿದ್ದವನ ವಾಹನಕ್ಕೆ ಸಿಕ್ಕಿ ಒಂಬತ್ತು ವರ್ಷದ ಹುಡುಗ ಸತ್ತ. ವೇಗವಾಗಿ ಹೋಗುತ್ತಿರುವವರಿಗೆ ಪೋಕೆಸ್ಟಾಪ್ ಕೆಲಸ ಮಾಡದಂತೆ ಕಂಪನಿ ಬಿಗಿ ಮಾಡಿದ್ದು ಅದಾದ ಮೇಲೆ.

ಆ ವರ್ಷದ ಜಪಾನಿನ ಇನ್ನೆರಡು ಊರುಗಳ ಸಂಗತಿ ನಮಗೆ ಮುಖ್ಯ ಅನ್ನಿಸಿತು. ಅಣುಬಾಂಬ್ ಬಿದ್ದ ಹಿರೋಶಿಮಾದ ಶಾಂತಿ ಉದ್ಯಾನ ಸ್ಮಾರಕಗಳಿಂದ ತುಂಬಿದ ಜಾಗ, ಹಾಗಾಗಿ ಆಟದ ಪ್ರಕಾರ ಚೆಂಡು ಸಿಗುವ ಭರ್ಜರಿ ಜಾಗ. ಆಗಸ್ಟ್ 6 ಹತ್ತಿರ ಬರುತ್ತಿತ್ತು. ಸತ್ತವರ ಸ್ಮರಣೆಯ ದಿನ ಮೊಬೈಲ್ ಹಿಡಿದು ಬೇಟೆಯಾಡುವವರು ಬೇಡ, ನಮ್ಮ ಉದ್ಯಾನವನ್ನು ನಕ್ಷೆಯಿಂದ ತೆಗೆಯಿರಿ ಅಂತ ನಗರಾಡಳಿತ ಕೇಳಿತು. ಕಂಪನಿ ತೆಗೆಯಿತು. ಇನ್ನೊಂದು ಊರು ಇಶಿನೊಮಾಕಿ, 2011ರ ಸುನಾಮಿಯಲ್ಲಿ ಕೊಚ್ಚಿಹೋದ ಕರಾವಳಿ ಪೇಟೆ. ಅದಿರುವ ಮಿಯಾಗಿ ಪ್ರಾಂತ್ಯದವರು ಉಲ್ಟಾ ಕೇಳಿದರು: ಜನ ಬರುತ್ತಿಲ್ಲ, ನಮ್ಮ ಕಡೆಗೂ ಆಟ ತನ್ನಿ. 2016ರ ನವೆಂಬರಿನಲ್ಲಿ ಕೆಲವು ದಿನ ಆ ಕರಾವಳಿಯಲ್ಲಿ ಲಾಪ್ರಾಸ್ ಎಂಬ ಅಪರೂಪದ ಪೋಕೆಮಾನ್ ಹೆಚ್ಚಾಗಿ ಸಿಗುವಂತೆ ಮಾಡಿದರು. ಜನ ಸಾಗರದಂತೆ ಹರಿದು ಬಂದು ಹೋಟೆಲ್, ಅಂಗಡಿಗಳಿಗೆ ವ್ಯಾಪಾರವಾಯಿತು. ನಕ್ಷೆಯಲ್ಲಿ ಒಂದು ಚುಕ್ಕೆ ಹಾಕುವುದು, ತೆಗೆಯುವುದು ಅಂದರೆ ಏನು ಅನ್ನುವುದು ಈ ಎರಡು ಊರಿಗೆ ಚೆನ್ನಾಗಿ ಗೊತ್ತಿತ್ತು.

ಚುಕ್ಕೆ ದುಡ್ಡಿಗೂ ಸಿಗುತ್ತಿತ್ತು. ಜಪಾನಿನ ಮೆಕ್‌ಡೊನಾಲ್ಡ್ಸ್ ಹೋಟೆಲುಗಳು, ಸುಮಾರು 2,900, ಒಪ್ಪಂದ ಮಾಡಿಕೊಂಡು ಪೋಕೆಸ್ಟಾಪ್ ಅಥವಾ ಜಿಮ್ ಆದವು.

ಭಾರತಕ್ಕೆ ಆಟ ಅಧಿಕೃತವಾಗಿ ಬಂದದ್ದು ಡಿಸೆಂಬರಿನಲ್ಲಿ. ಆದರೆ ಹುಡುಗರು ಕಾಯಲಿಲ್ಲ. ಜುಲೈನಲ್ಲೇ ಕಳ್ಳದಾರಿಯಿಂದ ಫೈಲ್ ಇಳಿಸಿಕೊಂಡು ಬೆಂಗಳೂರು, ಮುಂಬೈಗಳ ಪಾರ್ಕಿನಲ್ಲಿ ಆಡಿದರು. ಬಿಡುಗಡೆಯಾಗುವ ಮುಂಚೆಯೇ ಆಟ ಕೋರ್ಟ್ ಮೆಟ್ಟಿಲು ಹತ್ತಿತು. ಆಟದಲ್ಲಿ ಪೋಕೆಸ್ಟಾಪ್ ತಿರುಗಿಸಿದರೆ ಚೆಂಡಿನ ಜೊತೆ ಒಮ್ಮೊಮ್ಮೆ ಮೊಟ್ಟೆಯೂ ಸಿಗುತ್ತದೆ, ಇಂತಿಷ್ಟು ಕಿಲೋಮೀಟರ್ ನಡೆದರೆ ಮರಿಯಾಗುತ್ತದೆ. ನಮ್ಮಲ್ಲಿ ಪೋಕೆಸ್ಟಾಪ್ ಅಂದರೆ ಬಹುಪಾಲು ಗುಡಿಗಳೇ. ಹಿಂದೂ, ಜೈನ ಗುಡಿಗಳಲ್ಲಿ ಮೊಟ್ಟೆ ತೋರಿಸುವುದರಿಂದ ಭಾವನೆಗೆ ನೋವಾಗುತ್ತದೆ ಅಂತ ಗುಜರಾತ್ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು. 2016ರ ಸೆಪ್ಟೆಂಬರಿನಲ್ಲಿ ಕೋರ್ಟು ಕಂಪನಿಗೆ ನೋಟಿಸ್ ಕೊಟ್ಟಿತು. ಆ ಸುದ್ದಿಗೆ ಆಗ ಎಲ್ಲರೂ ನಕ್ಕರು. ನಮಗೆ ಪೂರಾ ನಗು ಬರುವುದಿಲ್ಲ. ಮೊಟ್ಟೆಯ ವಿಷಯ ಬಿಡಿ, ನಮ್ಮ ಗುಡಿಯನ್ನು ನಮ್ಮನ್ನು ಕೇಳದೇ ಆಟದ ಅಂಗಳ ಮಾಡಿದ್ದು ಯಾರು ಅನ್ನುವ ಪ್ರಶ್ನೆ ಅದರೊಳಗೆ ಇತ್ತು. ಹಿರೋಶಿಮಾ ಕೇಳಿದ್ದೂ ಅದನ್ನೇ.

ಡಿಸೆಂಬರ್ 14ರಂದು ರಿಲಯನ್ಸ್ ಜಿಯೋ ಜೊತೆ ಸೇರಿ ಆಟ ಬಿಡುಗಡೆಯಾಯಿತು. ದಿನಾಂಕ ಗಮನಿಸಿ. ನೋಟು ರದ್ದಾಗಿ ಐದು ವಾರ. ದೇಶವೆಲ್ಲ ಎಟಿಎಂ ಮುಂದೆ ಕ್ಯೂ ನಿಂತಿತ್ತು. ಜಿಯೋ ಬಂದದ್ದು ಸೆಪ್ಟೆಂಬರ್ 5ಕ್ಕೆ, ಡೇಟಾ ಇನ್ನೂ ಪುಕ್ಕಟೆ. ಹಳ್ಳಿ ಹುಡುಗರ ಕೈಗೂ ಇಂಟರ್‌ನೆಟ್ ಬಂದ ಕಾಲ ಅದು. ಪಟ್ಟಿ ಸರಿಮಾಡಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಹೊಸದಾಗಿ ಸೇರಿದ್ದು ಯಾವುದು? ಸಾವಿರಾರು ರಿಲಯನ್ಸ್ ಡಿಜಿಟಲ್ ಅಂಗಡಿಗಳು ಮತ್ತು ಜೊತೆಗಾರ ಅಂಗಡಿಗಳು ಪೋಕೆಸ್ಟಾಪ್, ಜಿಮ್ ಆದವು. ಅಂಗಡಿ ಇರುವುದು ಪೇಟೆಯಲ್ಲಿ. ಸಿಮ್ ಹಳ್ಳಿಗೆ ಬಂತು, ಚುಕ್ಕೆ ಪೇಟೆಯಲ್ಲೇ ಉಳಿಯಿತು.

ಹಾಗಾದರೆ ನಮ್ಮೂರ ಜಾಗ ಸೇರಿಸಿ ಅಂತ ಕೇಳಲು ದಾರಿಯೇ ಇರಲಿಲ್ಲವೇ? 2019ರ ಕೊನೆಗೆ ಪೋಕೆಮಾನ್ ಗೋ ಆಡುವವರಿಗೂ ಜಾಗ ಸೂಚಿಸುವ ಅವಕಾಶ ಎಲ್ಲ ದೇಶಗಳಲ್ಲಿ ತೆರೆಯಿತು. ಷರತ್ತು ಒಂದೇ: ಆಟದಲ್ಲಿ 40ನೇ ಹಂತ ಮುಟ್ಟಿರಬೇಕು. ಆಗ ಅದೇ ಕೊನೆಯ ಹಂತ. ಅದಕ್ಕೆ ಬೇಕಾದ ಅಂಕ ಎರಡು ಕೋಟಿ. ಅಂಕ ಬರುವುದು ಹೇಗೆ? ಪ್ರಾಣಿ ಹಿಡಿದರೆ, ಪೋಕೆಸ್ಟಾಪ್ ತಿರುಗಿಸಿದರೆ. ಪೋಕೆಸ್ಟಾಪ್ ಇಲ್ಲದ ಊರಿನವನು ಪೋಕೆಸ್ಟಾಪ್ ಕೇಳಲು ಪೋಕೆಸ್ಟಾಪ್‌ಗಳಿಂದ ಅಂಕ ಗಳಿಸಿರಬೇಕು! ಖಾತೆ ತೆರೆಯಲು ಆಧಾರ್ ತನ್ನಿ, ಆಧಾರ್ ಮಾಡಿಸಲು ಪಾಸ್‌ಬುಕ್ ತನ್ನಿ ಅಂದ ಹಾಗೆ. ಆಮೇಲೆ ಷರತ್ತು 38ಕ್ಕೆ, ಅಲ್ಲಿಂದ 37ಕ್ಕೆ ಇಳಿಯಿತು. ಆ ದಿನಗಳಲ್ಲಿ ನಮಗೆ ಸಿಕ್ಕ ಒಬ್ಬ ಡಿಗ್ರಿ ಹುಡುಗ ಕಾಲೇಜಿಗೆ ಹೋಗುವ ಬಸ್ಸಿನ ಖರ್ಚಿನಲ್ಲೇ ಪೇಟೆಯಲ್ಲಿ ಒಂದು ಗಂಟೆ ಆಡಿ, ಚೆಂಡು ತುಂಬಿಕೊಂಡು ಊರಿಗೆ ಬರುತ್ತಿದ್ದ. ಸಂತೆ ಮಾಡಿಕೊಂಡು ಬಂದ ಹಾಗೆ. ಅವನಿಗೆ ಆಗ 29ನೇ ಹಂತ.

ನ್ಯಾಯಕ್ಕೆ ಹೇಳಬೇಕು, ಕಂಪನಿ ಏನೂ ಮಾಡಲಿಲ್ಲ ಅಂತಲ್ಲ. 2020ರ ಕೊರೊನಾ ಕಾಲದಲ್ಲಿ ಮನೆಯಲ್ಲೇ ಆಡುವಂತೆ ಬದಲಾವಣೆ ತಂದರು. ಪೋಕೆಸ್ಟಾಪ್ ತಿರುಗಿಸಲು 40 ಮೀಟರ್ ಹತ್ತಿರ ಇರಬೇಕಿದ್ದದ್ದು 80 ಮೀಟರ್ ಆಯಿತು. ಮರುವರ್ಷ ಅದನ್ನು ವಾಪಸ್ ತೆಗೆದಾಗ ಜಗತ್ತಿನಾದ್ಯಂತ ಆಡುವವರು ಗಲಾಟೆ ಎಬ್ಬಿಸಿ 80 ಮೀಟರನ್ನು ಉಳಿಸಿಕೊಂಡರು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಆ ನಲವತ್ತು ಮೀಟರಿನ ಬೆಲೆ ಗೊತ್ತು. 2022ರಲ್ಲಿ ದಿನಕ್ಕೆ ಒಂದು ಸಲ ಪುಕ್ಕಟೆ ಧೂಪ ಕೊಡಲು ಶುರುವಾಯಿತು. ಹಚ್ಚಿಕೊಂಡು ಹದಿನೈದು ನಿಮಿಷ ನಡೆದರೆ ಖಾಲಿ ಬಯಲಿನಲ್ಲೂ ಪ್ರಾಣಿ ಬರುತ್ತವೆ. ಹಳ್ಳಿಯಲ್ಲಿ ಆಡುವವರಿಗೆ ಇದು ನಿಜವಾದ ಉಪಕಾರ. 2023ರಲ್ಲಿ ಆಟ ಹಿಂದಿಗೆ ಬಂತು, ಪ್ರಾಣಿಗಳಿಗೂ ಹಿಂದಿ ಹೆಸರು ಇಟ್ಟರು. ಕನ್ನಡದ ಸರದಿ ಬಂದಿಲ್ಲ.

ಈಗ ಆಟಕ್ಕಿಂತ ನಕ್ಷೆಯೇ ದೊಡ್ಡದಾಗಿದೆ. ಪೋಕೆಸ್ಟಾಪ್ ಹತ್ತಿರ ನಿಂತು ಸುತ್ತಲಿನ ಜಾಗದ ವಿಡಿಯೊ ಮಾಡಿ ಕಳಿಸಿದರೆ ಬಹುಮಾನ ಅಂತ ಕಂಪನಿ 2020ರಿಂದ ಆಸೆ ತೋರಿಸಿತ್ತು. ಇಷ್ಟವಿದ್ದವರು ಮಾತ್ರ ಮಾಡಬೇಕು, ಕಡ್ಡಾಯವಲ್ಲ. ಹೀಗೆ ಲಕ್ಷಗಟ್ಟಲೆ ಜಾಗಗಳ ವಿಡಿಯೊ ಕೂಡಿದವು. ಈ ವಿಡಿಯೊಗಳಿಂದ ಯಂತ್ರಗಳಿಗೆ ಜಗತ್ತಿನ ಜಾಗಗಳನ್ನು ಗುರುತಿಸಲು ಕಲಿಸುತ್ತಿದ್ದೇವೆ ಅಂತ 2024ರ ನವೆಂಬರಿನಲ್ಲಿ ನಿಯಾಂಟಿಕ್ ಹೇಳಿತು. 2025ರ ಮಾರ್ಚಿನಲ್ಲಿ ಆಟಗಳನ್ನು ಸ್ಕೋಪ್ಲಿ ಎಂಬ ಕಂಪನಿಗೆ 350 ಕೋಟಿ ಡಾಲರಿಗೆ ಮಾರುವುದಾಗಿ ಪ್ರಕಟಿಸಿತು. ಸ್ಕೋಪ್ಲಿಯ ಒಡೆತನ ಸೌದಿ ಅರೇಬಿಯಾ ಸರ್ಕಾರದ ಹೂಡಿಕೆ ನಿಧಿಗೆ ಸೇರಿದ ಸ್ಯಾವಿ ಗೇಮ್ಸ್ ಕಡೆಯದ್ದು. ಹ್ಯಾಂಕಿ ಆಟ ಮಾರಿ, ನಕ್ಷೆಯ ಕೆಲಸವನ್ನು ನಿಯಾಂಟಿಕ್ ಸ್ಪೇಷಿಯಲ್ ಅನ್ನುವ ಹೊಸ ಕಂಪನಿಯಲ್ಲಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಹಸು ಮಾರಿದರೂ ಹೊಲ ಇಟ್ಟುಕೊಂಡ ರೈತನ ಬುದ್ಧಿ. ಟೆಕ್ಸಾಸಿನ ಹಳ್ಳಿಯವರಲ್ಲವೇ.

ಹಾಗಂತ ನಮ್ಮೂರುಗಳು ಯಾವ ನಕ್ಷೆಯಲ್ಲೂ ಇಲ್ಲ ಅನ್ನುವಂತಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆರೆದು ನೋಡಿ. ಕೆರೆ, ಹಳ್ಳ, ಗೋಮಾಳ, ಸ್ಮಶಾನ, ಬಂಡಿದಾರಿ ಎಲ್ಲಕ್ಕೂ ಗುರುತಿದೆ. ಈಗ ದಿಶಾಂಕ್ ಆ್ಯಪಿನಲ್ಲಿ ಮೊಬೈಲಿಗೇ ಸಿಗುತ್ತದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಂದಾಯ ವಸೂಲಿಗೆ ಬಂದ ಸರ್ಕಾರಗಳಿಗೆ ಹಳ್ಳಿಯ ಒಂದೊಂದು ಗುಂಟೆಯೂ ಬೇಕಿತ್ತು, ಅಳೆದರು. ಆಟದ ಕಂಪನಿಗೆ ಬೇಕಿದ್ದದ್ದು ಜನ ಸೇರುವ ಜಾಗ, ಅಷ್ಟನ್ನೇ ಅಳೆದರು.

ನಮ್ಮ ಬಳಗದಲ್ಲಿ ಕೆಲವರು, ಊರೂರಿನ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಆಟಕ್ಕೆ ಸೇರಿಸೋಣ ಅನ್ನುತ್ತಿದ್ದಾರೆ. ನಿಯಮದ ಪ್ರಕಾರ ಅವು ಸಲ್ಲುತ್ತವೆ: ಖಾಸಗಿ ಮನೆ, ಮಕ್ಕಳ ಶಾಲೆ ಆಗಿರಬಾರದು, ನಡೆದು ಹೋಗಲು ದಾರಿ ಇರಬೇಕು, ನೋಡಲು ಏನಾದರೂ ವಿಶೇಷ ಇರಬೇಕು. ಕಲ್ಲಿನದ್ದೊಂದು ಫೋಟೊ, ಸುತ್ತಲಿನ ಜಾಗದ್ದೊಂದು ಫೋಟೊ, ಹೆಸರು, ಎರಡು ಸಾಲಿನ ವಿವರ. ಆಡುವ ಬೇರೆಯವರು ನೋಡಿ ಮತ ಹಾಕುತ್ತಾರೆ. ಊರ ಹುಡುಗರು ಆ ಎರಡು ಸಾಲು ಬರೆಯಲಿಕ್ಕಾದರೂ ಕಲ್ಲಿನ ಮೇಲಿರುವ ವೀರ ಯಾರು, ತುರುಗೋಳಿನಲ್ಲಿ ಸತ್ತವನೋ ಹುಲಿ ಬೇಟೆಯಲ್ಲಿ ಸತ್ತವನೋ ಅಂತ ಹಿರಿಯರನ್ನು ಕೇಳುತ್ತಾರೆ ಅನ್ನುವುದು ಅವರ ವಾದ. ಒಳ್ಳೆಯ ವಾದವೇ.

ನಾವು ಇನ್ನೂ ಹೂಂ ಅಂದಿಲ್ಲ. ನಿಧಿ ಆಸೆಗೆ ರಾತ್ರೋರಾತ್ರಿ ಇಂಥ ಕಲ್ಲು ಕಿತ್ತು ಬುಡ ಅಗೆದ ಸುದ್ದಿಗಳನ್ನು ನಾವೇ ಬರೆದಿದ್ದೇವೆ. ಊರಾಚೆ ಪೊದೆ ಮಧ್ಯೆ ಇರುವ ಕಲ್ಲಿಗೆ ಚುಕ್ಕೆ ಹಾಕಿದರೆ ಅದು ಎಲ್ಲಿದೆ ಅಂತ ಎಲ್ಲರಿಗೂ ತೋರಿಸಿದ ಹಾಗೆ. ಊರ ನಡುವೆ, ಗುಡಿ ಮುಂದೆ, ಹತ್ತು ಕಣ್ಣಿನ ಎದುರು ಇರುವ ಕಲ್ಲುಗಳಿಗೆ ಆ ಭಯವಿಲ್ಲ. ಅವುಗಳಿಂದ ಶುರು ಮಾಡಬಹುದು, ಊರಿನವರನ್ನು ಕೇಳಿ. ಊರಾಚೆಯ ಕಲ್ಲುಗಳ ವಿಷಯವನ್ನು ಸದ್ಯಕ್ಕೆ ಆಯಾ ಊರಿನ ಹಿರಿಯರಿಗೆ ಬಿಟ್ಟಿದ್ದೇವೆ.